ಮೂರು ಅಂಕ ಬಿಟ್ಟ ಕೋಚ್ ತಪ್ಪಿತಸ್ಥನೇ? ಎನ್‌ಎಫ್‌ಎಲ್ ಪ್ಲೇಆಫ್ ಜಗಳದ ಒಳಗೇನಿದೆ

ಜನವರಿ ಬಂತೆಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಪ್ಲೇಆಫ್ ಕಾಲ, ಅಂದರೆ ಸೋತವರು ಹೊರಬೀಳುವ ಕೊನೆಯ ಸುತ್ತುಗಳು. ಆಗ ಅಲ್ಲಿಂದ ಬರುವ ಸುದ್ದಿಗಳು ಆಟವನ್ನು ದೂರದಿಂದ ನೋಡುವವರನ್ನು ಗೊಂದಲಕ್ಕೆ ತಳ್ಳುತ್ತವೆ. 2024ರ ಜನವರಿ 28ರಂದು ಡೆಟ್ರಾಯಿಟ್ ಲಯನ್ಸ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಮೂರು ಅಂಕ ತರಬಹುದಾಗಿದ್ದ ಒದೆತವನ್ನು ಎರಡು ಬಾರಿ ಬಿಟ್ಟರು. ತಂಡ 31–34ರಿಂದ ಸೋತಿತು, ಅಭಿಮಾನಿಗಳು ಅವರ ಮೇಲೆ ಮುಗಿಬಿದ್ದರು. ಅದಕ್ಕೆ ಮೂರು ವರ್ಷ ಮೊದಲು, 2021ರ ಜನವರಿ 24ರಂದು, ಅದೇ ಹಂತದ ಪಂದ್ಯದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಕೋಚ್ ಮ್ಯಾಟ್ ಲಫ್ಲೋರ್ ಮೂರು ಅಂಕಗಳನ್ನು ತೆಗೆದುಕೊಂಡರು. ತಂಡ 26–31ರಿಂದ ಸೋತಿತು, ಅಭಿಮಾನಿಗಳು ಅವರ ಮೇಲೂ ಮುಗಿಬಿದ್ದರು. ಬಿಟ್ಟರೂ ತಪ್ಪು, ತೆಗೆದುಕೊಂಡರೂ ತಪ್ಪು ಎನ್ನುವುದಾದರೆ ಸರಿ ಯಾವುದು?

ಪ್ರತಿ ಪ್ಲೇಆಫ್‌ನಲ್ಲೂ ಈ ಪ್ರಶ್ನೆ ಮರಳಿ ಬರುತ್ತದೆ. ಸೋತ ತಂಡದ ಅಭಿಮಾನಿಗಳು ಹಿಂದಿನಿಂದಲೂ ಹೀಗೆಯೇ ಸಿಡಿಮಿಡಿಗೊಳ್ಳುತ್ತಿದ್ದರು ಎಂದು ತಳ್ಳಿಹಾಕುವಂತಿಲ್ಲ. ಈ ಜಗಳದ ಹಿಂದೆ ಗಣಿತವಿದೆ, ಕೆಲಸ ಕಳೆದುಕೊಳ್ಳುವ ಭಯವಿದೆ, ನಿಯಮ ಬದಲಾವಣೆಯಿದೆ. ಒಂದೊಂದನ್ನೇ ಬಿಡಿಸಿ ನೋಡಿದರೆ, ಅಭಿಮಾನಿಗಳ ಸಿಟ್ಟಿಗೆ ಕಾರಣಗಳಿದ್ದರೂ ಅದು ಹೆಚ್ಚಿನ ಸಲ ತಪ್ಪು ಜಾಗಕ್ಕೆ ಗುರಿಯಿಡುತ್ತದೆ ಎಂಬುದು ಕಾಣುತ್ತದೆ.

ಜಗಳದ ಮೂಲ: ನಾಲ್ಕನೇ ಡೌನ್

ಆಟದ ಗೊತ್ತುಗುರಿ ಸರಳ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಪ್ರಯತ್ನಗಳು ಸಿಗುತ್ತವೆ. ಒಂದೊಂದು ಪ್ರಯತ್ನವೂ ಒಂದು 'ಡೌನ್'. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಪ್ರಯತ್ನಗಳು. ದಾಟಲಾಗದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಯ ಪಾಲು. ಎದುರಾಳಿಯ ತುದಿಯನ್ನು ಚೆಂಡಿನೊಂದಿಗೆ ತಲುಪಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಅದರ ಬೆನ್ನಿಗೆ ಒದೆತದಿಂದ ಒಂದು ಅಂಕವನ್ನೋ, ಎರಡು ಗಜದ ಗೆರೆಯಿಂದ ಇನ್ನೊಮ್ಮೆ ನುಗ್ಗಿ ಎರಡು ಅಂಕವನ್ನೋ ಪಡೆಯಬಹುದು. ದೂರದಿಂದ ಕಂಬಗಳ ನಡುವೆ ಚೆಂಡನ್ನು ಒದ್ದರೆ ಫೀಲ್ಡ್ ಗೋಲ್, ಅದಕ್ಕೆ ಮೂರು ಅಂಕ.

ಮೂರು ಪ್ರಯತ್ನಗಳು ಮುಗಿದು ಇನ್ನೂ ಗಜಗಳು ಬಾಕಿ ಉಳಿದಾಗ ಕೋಚ್ ನಿರ್ಧಾರ ತೆಗೆದುಕೊಳ್ಳಬೇಕು. ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುವುದು (ಇದು ಪಂಟ್), ಫೀಲ್ಡ್ ಗೋಲ್‌ಗೆ ಯತ್ನಿಸುವುದು, ಅಥವಾ ನಾಲ್ಕನೇ ಪ್ರಯತ್ನದಲ್ಲೂ ಮುನ್ನುಗ್ಗುವುದು. ಒಂದು ಆಟ ಮುಗಿದು ಮುಂದಿನದು ಶುರುವಾಗಲು ಇರುವುದು 40 ಸೆಕೆಂಡ್. ಅಷ್ಟರಲ್ಲೇ ತೀರ್ಮಾನವಾಗಬೇಕು. ಕ್ರೀಡಾಂಗಣದಲ್ಲಿರುವ ಅಷ್ಟೂ ಜನರಿಗೆ ಆ ತೀರ್ಮಾನ ಯಾರದೆಂದು ಗೊತ್ತು. ಆಟಗಾರನ ತಪ್ಪು ಗುಂಪಿನಲ್ಲಿ ಕರಗಿಹೋಗಬಹುದು, ನಾಲ್ಕನೇ ಡೌನ್‌ನ ತೀರ್ಮಾನಕ್ಕೆ ಮಾತ್ರ ಒಂದೇ ಮುಖ.

ಪ್ಲೇಆಫ್‌ನಲ್ಲಿ ಆ ಮುಖದ ಮೇಲೆ ಬೆಳಕು ಇನ್ನೂ ಹೆಚ್ಚು ಬೀಳುತ್ತದೆ. ಲೀಗ್‌ನ 32 ತಂಡಗಳು ಸಾಮಾನ್ಯ ಋತುವಿನಲ್ಲಿ ತಲಾ 17 ಪಂದ್ಯಗಳನ್ನು ಆಡುತ್ತವೆ, 14 ತಂಡಗಳು ಪ್ಲೇಆಫ್‌ಗೆ ಏರುತ್ತವೆ. ಅಲ್ಲಿ ಸರಣಿಯಿಲ್ಲ, ಎರಡನೇ ಅವಕಾಶವಿಲ್ಲ. ಸೋತವರು ಮನೆಗೆ.

ಲಯನ್ಸ್ ಪಂದ್ಯದಲ್ಲಿ ನಡೆದದ್ದು

ಕ್ಯಾಂಪ್‌ಬೆಲ್ ಪ್ರಕರಣವನ್ನು ವಿವರವಾಗಿ ನೋಡಬೇಕು, ಏಕೆಂದರೆ ಎರಡೂ ಬಣಗಳು ಇಂದಿಗೂ ಅದನ್ನೇ ಸಾಕ್ಷಿಯಾಗಿ ಎತ್ತಿ ಹಿಡಿಯುತ್ತವೆ. ಲಯನ್ಸ್ ಈವರೆಗೆ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಆಡಿಯೇ ಇಲ್ಲ. ಅವರ ಕೊನೆಯ ಲೀಗ್ ಪ್ರಶಸ್ತಿ 1957ರದ್ದು. 2024ರ ಈ ಪ್ಲೇಆಫ್‌ನಲ್ಲಿ ಅವರು ಗೆದ್ದ ಮೊದಲ ಪಂದ್ಯವೇ 32 ವರ್ಷಗಳಲ್ಲಿ ಅವರ ಮೊದಲ ಪ್ಲೇಆಫ್ ಜಯವಾಗಿತ್ತು. ಅಂಥ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ವಿರುದ್ಧ, ಅವರದೇ ಅಂಗಳದಲ್ಲಿ, ಅರ್ಧ ಸಮಯಕ್ಕೆ 24–7ರಿಂದ ಮುಂದಿತ್ತು.

ಪಂದ್ಯದ ನಾಲ್ಕು ಭಾಗಗಳಲ್ಲಿ (ಕ್ವಾರ್ಟರ್) ಮೂರನೆಯದರಲ್ಲಿ ಅಂಕ 24–10 ಇದ್ದಾಗ ಲಯನ್ಸ್ ಎದುರಾಳಿಯ 28 ಗಜದ ಗೆರೆಯಲ್ಲಿತ್ತು, ಅಂದರೆ ಗೋಲಿನ ಗೆರೆಗೆ 28 ಗಜ ದೂರ. ನಾಲ್ಕನೇ ಡೌನ್, ಬೇಕಿದ್ದದ್ದು ಎರಡೇ ಗಜ. ಕ್ಯಾಂಪ್‌ಬೆಲ್ ಒದೆತಗಾರನನ್ನು ಕರೆಯಲಿಲ್ಲ. ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಜಾರೆಡ್ ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಕೈಗೆ ಬಂದು ಜಾರಿ ಬಿದ್ದಿತು. ಆನಂತರ ಫಾರ್ಟಿನೈನರ್ಸ್‌ನ ಉದ್ದದ ಎಸೆತವೊಂದು ಲಯನ್ಸ್ ರಕ್ಷಕನ ಶಿರಸ್ತ್ರಾಣಕ್ಕೆ ಬಡಿದು ಪುಟಿದು ಅವರದೇ ಆಟಗಾರ ಬ್ರ್ಯಾಂಡನ್ ಅಯ್ಯುಕ್ ಕೈ ಸೇರಿತು. ಆ ದಾಳಿ ಟಚ್‌ಡೌನ್‌ನಲ್ಲಿ ಮುಗಿಯಿತು. ಮರುಕ್ಷಣವೇ ಲಯನ್ಸ್ ಚೆಂಡು ಕೈಬಿಟ್ಟಿತು, ಮತ್ತೊಂದು ಟಚ್‌ಡೌನ್. 24–24. ಕೊನೆಯ ಕ್ವಾರ್ಟರ್‌ನಲ್ಲಿ 24–27ರಿಂದ ಹಿಂದಿದ್ದಾಗ 30 ಗಜದ ಗೆರೆಯಲ್ಲಿ, ಮೂರು ಗಜ ಬೇಕಿದ್ದಾಗ, ಕ್ಯಾಂಪ್‌ಬೆಲ್ ಮತ್ತೆ ಮುನ್ನುಗ್ಗಲು ಹೇಳಿದರು. ಅದೂ ಕೈಕೊಟ್ಟಿತು.

ಎರಡು ಬಾರಿ ಮೂರು ಮೂರು ಅಂಕ ಬಿಟ್ಟರು, ಸೋತದ್ದು ಮೂರು ಅಂಕದಿಂದ. ಈ ಕೂಡು ಲೆಕ್ಕ ಎಷ್ಟು ಸಲೀಸಾಗಿದೆಯೆಂದರೆ ಅದನ್ನು ಮೀರಿ ಯೋಚಿಸಲು ಮನಸ್ಸೇ ಬರುವುದಿಲ್ಲ. ಮೀರಿ ಯೋಚಿಸಲೇಬೇಕು. ಮೊದಲ ಒದೆತ ಯಶಸ್ವಿಯಾಗಿದ್ದರೆ ಅದರ ನಂತರದ ಪ್ರತಿ ಆಟವೂ ಬೇರೆಯೇ ಆಗಿರುತ್ತಿತ್ತು. ಫಾರ್ಟಿನೈನರ್ಸ್ ಬೇರೆ ಜಾಗದಿಂದ, ಬೇರೆ ಅವಸರದಿಂದ ಆಡುತ್ತಿದ್ದರು. ಕೊನೆಯ ಅಂಕಪಟ್ಟಿಗೆ ಮೂರು ಸೇರಿಸಿ ಹೊಸ ಫಲಿತಾಂಶ ಪಡೆಯಲು ಸಾಧ್ಯವಿಲ್ಲ.

ಸಿಕ್ಕ ಅಂಕ ಬಿಡಬಾರದು ಎನ್ನುವವರು

ಈ ಬಣವನ್ನು ಹಳೆಯ ಕಾಲದವರು ಎಂದು ಮೂಲೆಗೆ ಸರಿಸುವುದು ಅನ್ಯಾಯ. ಅವರ ವಾದದಲ್ಲಿ ಗಟ್ಟಿ ಕಾಳಿದೆ. 14 ಅಂಕಗಳ ಮುನ್ನಡೆಯನ್ನು ಎದುರಾಳಿ ಎರಡು ಟಚ್‌ಡೌನ್‌ಗಳಿಂದ ಅಳಿಸಬಹುದು. 17 ಆದರೆ ಸಮ ಮಾಡಲು ಎರಡು ಟಚ್‌ಡೌನ್‌ಗಳ ಜೊತೆಗೆ ಒಂದು ಫೀಲ್ಡ್ ಗೋಲ್ ಕೂಡ ಬೇಕು. ಅಂದರೆ ಎದುರಾಳಿ ಚೆಂಡನ್ನು ಮೂರು ಬಾರಿ ಹಿಡಿದು ಮೂರು ಬಾರಿಯೂ ಯಶಸ್ವಿಯಾಗಬೇಕು. ಗಡಿಯಾರ ಓಡುತ್ತಿರುವ ದ್ವಿತೀಯಾರ್ಧದಲ್ಲಿ ಈ ವ್ಯತ್ಯಾಸ ದೊಡ್ಡದು.

ಅವರು ಹೇಳುವ ಎರಡನೇ ಮಾತು ಮನೋಬಲದ್ದು. ನಾಲ್ಕನೇ ಡೌನ್‌ನಲ್ಲಿ ತಡೆದ ತಂಡಕ್ಕೆ ಜೀವ ಬರುತ್ತದೆ, ಪ್ರೇಕ್ಷಕರು ಎದ್ದು ನಿಲ್ಲುತ್ತಾರೆ, ಪಂದ್ಯದ ಗಾಳಿ ತಿರುಗುತ್ತದೆ. ಇದನ್ನು ಅಳೆಯುವುದು ಕಷ್ಟ, ಆಟಗಾರರು ಮಾತ್ರ ಇದನ್ನು ನಂಬುತ್ತಾರೆ. ಲಯನ್ಸ್ ವಿಷಯದಲ್ಲಿ ಗಾಳಿ ತಿರುಗಿಸಿದ್ದು ಕ್ಯಾಂಪ್‌ಬೆಲ್ ತೀರ್ಮಾನವೋ, ಶಿರಸ್ತ್ರಾಣಕ್ಕೆ ಬಡಿದು ಪುಟಿದ ಚೆಂಡೋ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಈ ವಾದದ ದೊಡ್ಡ ದೌರ್ಬಲ್ಯವೆಂದರೆ ಒದೆತವನ್ನು ಖಚಿತ ಅಂಕವೆಂದು ಭಾವಿಸುವುದು. ಕ್ಯಾಂಪ್‌ಬೆಲ್ ಬಿಟ್ಟ ಒದೆತಗಳು 45 ಗಜದ ಆಚೆಗಿನವು (ಕಂಬಗಳು ಗೋಲಿನ ಗೆರೆಯ ಹಿಂದಿರುತ್ತವೆ, ಒದೆಯುವುದೂ ಚೆಂಡು ನಿಂತ ಗೆರೆಗಿಂತ ಹಿಂದಿನಿಂದ). ಆ ದೂರದಿಂದ ಲೀಗ್‌ನ ಒದೆತಗಾರರು ಯಶಸ್ವಿಯಾಗುವುದು ನೂರಕ್ಕೆ ಎಪ್ಪತ್ತೈದರ ಆಸುಪಾಸು. ಲಯನ್ಸ್‌ನ ಒದೆತಗಾರ ಆ ಜಾಗಕ್ಕೆ ಬಂದದ್ದೇ ಋತುವಿನ ಕೊನೆಯ ಭಾಗದಲ್ಲಿ. ಆ ಪಂದ್ಯಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಜನವರಿ 21ರಂದು, ಬಫಲೊ ಬಿಲ್ಸ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ 24–27ರಿಂದ ಸೋತಿತ್ತು. ಕೊನೆಯ ಎರಡು ನಿಮಿಷದೊಳಗೆ ಸಮಬಲ ತರಬೇಕಿದ್ದ 44 ಗಜದ ಒದೆತ ಬಲಕ್ಕೆ ಸರಿದು ಹೋಗಿತ್ತು. ಅದೇ ಬಿಲ್ಸ್ 1991ರ ಸೂಪರ್ ಬೌಲ್ ಅನ್ನು 19–20ರಿಂದ ಕಳೆದುಕೊಂಡದ್ದು ಕೊನೆಯ ಕ್ಷಣಗಳ 47 ಗಜದ ಒದೆತ ಬಲಕ್ಕೆ ಸರಿದಾಗ. ಎರಡೂ ಬಾರಿ ಬೈಗುಳದ ಸಿಂಹಪಾಲು ಬಂದದ್ದು ಒದೆತಗಾರನ ಪಾಲಿಗೆ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಲೆಕ್ಕ ಹಾಕುವವರು

ಎದುರು ಬಣದ ಬೇರು ಅರ್ಧ ಶತಮಾನದಷ್ಟು ಹಳೆಯದು. 1971ರಲ್ಲೇ ಸಿನ್ಸಿನಾಟಿ ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್, ರಾಬರ್ಟ್ ಮಾಕೋಲ್ ಜೊತೆಗೂಡಿ, ಮೈದಾನದ ಯಾವ ಗೆರೆಯಲ್ಲಿ ಚೆಂಡಿದ್ದರೆ ಸರಾಸರಿ ಎಷ್ಟು ಅಂಕದ ನಿರೀಕ್ಷೆ ಇಟ್ಟುಕೊಳ್ಳಬಹುದು ಎಂದು ಲೆಕ್ಕ ಹಾಕಿ ಪ್ರಕಟಿಸಿದ್ದರು. 2006ರಲ್ಲಿ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಮೂರು ಋತುಗಳ ಪಂದ್ಯಗಳ ಮೊದಲ ಕ್ವಾರ್ಟರ್‌ಗಳನ್ನು ಪರಿಶೀಲಿಸಿ, ಕೋಚ್‌ಗಳು ಒದೆಯುವುದು ಅತಿಯಾಯಿತು, ಮುನ್ನುಗ್ಗುವುದು ತೀರಾ ಕಡಿಮೆಯಾಯಿತು ಎಂದು ತೋರಿಸಿದರು. ಮೊದಲ ಕ್ವಾರ್ಟರ್ ಮಾತ್ರ ಏಕೆ? ಅಲ್ಲಿ ಗಡಿಯಾರದ ಒತ್ತಡವಿರುವುದಿಲ್ಲ, ಅಂಕದ ಅಂತರ ಹೆಚ್ಚಿರುವುದಿಲ್ಲ. ಹಾಗಾಗಿ ತೀರ್ಮಾನದ ಬೆಲೆಯನ್ನಷ್ಟೇ ಬೇರ್ಪಡಿಸಿ ನೋಡಬಹುದು.

ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಭಿಮಾನಿಗಳನ್ನು ಅತಿ ಹೆಚ್ಚು ಕೆರಳಿಸುವ ಇನ್ನೊಂದು ತೀರ್ಮಾನವನ್ನೇ ತೆಗೆದುಕೊಳ್ಳೋಣ. ತಂಡ 14 ಅಂಕಗಳಿಂದ ಹಿಂದಿದೆ. ಕೊನೆಯ ಕ್ವಾರ್ಟರ್‌ನಲ್ಲಿ ಟಚ್‌ಡೌನ್ ಹೊಡೆದು ಅಂತರವನ್ನು ಎಂಟಕ್ಕೆ ಇಳಿಸುತ್ತದೆ. ಎಲ್ಲರೂ ನಿರೀಕ್ಷಿಸುವುದು ಒದ್ದು ಒಂದು ಅಂಕ ಪಡೆಯುವುದನ್ನು. ಕೋಚ್ ಎರಡು ಅಂಕಕ್ಕೆ ಕೈ ಹಾಕುತ್ತಾರೆ. ವಿಫಲವಾದರೆ 'ಹುಚ್ಚು' ಎಂಬ ಕೂಗು.

ಈ ತಂಡ ಇನ್ನೊಂದು ಟಚ್‌ಡೌನ್ ಹೊಡೆಯುತ್ತದೆ, ಎದುರಾಳಿ ಮತ್ತೆ ಅಂಕ ಗಳಿಸುವುದಿಲ್ಲ, ಒಂದು ಅಂಕದ ಒದೆತ ತಪ್ಪುವುದಿಲ್ಲ, ಎರಡು ಅಂಕದ ಪ್ರಯತ್ನ ಅರ್ಧ ಸಲ ಫಲಿಸುತ್ತದೆ ಎಂದು ಇಟ್ಟುಕೊಳ್ಳೋಣ. ಇಂಥ 100 ಪಂದ್ಯಗಳಲ್ಲಿ ಎರಡೂ ಸಲ ಒದ್ದರೆ ನೂರಕ್ಕೆ ನೂರು ಪಂದ್ಯಗಳೂ ಸಮವಾಗಿ ಹೆಚ್ಚುವರಿ ಅವಧಿಗೆ ಹೋಗುತ್ತವೆ, ಅದರಲ್ಲಿ ಅರ್ಧ, ಅಂದರೆ 50 ಗೆಲುವು. ಈಗ ಮೊದಲ ಟಚ್‌ಡೌನ್ ಬಳಿಕವೇ ಎರಡು ಅಂಕಕ್ಕೆ ಹೋಗಿ ನೋಡಿ. 50 ಪಂದ್ಯಗಳಲ್ಲಿ ಅದು ಫಲಿಸುತ್ತದೆ. ಅಂತರ ಆರಕ್ಕೆ ಇಳಿಯುವುದರಿಂದ ಮುಂದಿನ ಟಚ್‌ಡೌನ್ ಮತ್ತು ಸಾಧಾರಣ ಒದೆತದಿಂದಲೇ ಗೆಲುವು. ಉಳಿದ 50ರಲ್ಲಿ ವಿಫಲ. ಆದರೆ ಬಾಗಿಲು ಮುಚ್ಚಿಲ್ಲ, ಎರಡನೇ ಟಚ್‌ಡೌನ್ ಬಳಿಕ ಮತ್ತೆ ಎರಡಕ್ಕೆ ಯತ್ನಿಸಬಹುದು. ಅದರಲ್ಲಿ 25 ಪಂದ್ಯಗಳು ಸಮವಾಗಿ, ಹನ್ನೆರಡು ಹದಿಮೂರು ಗೆಲುವು ಬರುತ್ತದೆ. ಒಟ್ಟು 62ರ ಮೇಲೆ. ಎರಡು ಅಂಕದ ಪ್ರಯತ್ನ ನೂರರಲ್ಲಿ 48 ಸಲ ಮಾತ್ರ ಫಲಿಸುತ್ತದೆ ಎಂದು ಬಿಗಿ ಹಿಡಿದರೂ ಗೆಲುವುಗಳು 60 ದಾಟುತ್ತವೆ. ಎಂಟು ಅಂಕದ ಅಂತರದಲ್ಲಿ ಎರಡಕ್ಕೆ ಹೋಗುವ ಕೋಚ್ ದುಡುಕುತ್ತಿಲ್ಲ. ತನಗೆ ಮುಂದೆ ಏನು ಬೇಕಾಗುತ್ತದೆ ಎಂಬ ಮಾಹಿತಿಯನ್ನು ಬೇಗ ತಿಳಿದುಕೊಂಡು, ತಿದ್ದಿಕೊಳ್ಳಲು ಅವಕಾಶ ಇಟ್ಟುಕೊಳ್ಳುತ್ತಿದ್ದಾನೆ.

ಇದೇ ದಾರಿಯಲ್ಲಿ ಲಫ್ಲೋರ್ ಪ್ರಕರಣವನ್ನು ನೋಡಿದರೆ ಅಭಿಮಾನಿಗಳ ಸಿಟ್ಟಿಗೆ ಆಧಾರ ಸಿಗುತ್ತದೆ. ಪ್ಯಾಕರ್ಸ್ 23–31ರಿಂದ ಹಿಂದಿತ್ತು. ಎರಡು ನಿಮಿಷದ ಚಿಲ್ಲರೆ ಉಳಿದಿತ್ತು, ಚೆಂಡು ಎಂಟು ಗಜದ ಗೆರೆಯಲ್ಲಿತ್ತು. ಮೂರು ಅಂಕ ಪಡೆದ ಮೇಲೂ ಅವರಿಗೆ ಟಚ್‌ಡೌನ್ ಬೇಕೇ ಇತ್ತು. ಅದಕ್ಕಾಗಿ ಎದುರಾಳಿಯನ್ನು ತಡೆದು, ಚೆಂಡನ್ನು ಮರಳಿ ಪಡೆದು, ಇಡೀ ಮೈದಾನ ದಾಟಬೇಕಿತ್ತು. ಮುನ್ನುಗ್ಗಿ ವಿಫಲರಾಗಿದ್ದರೂ ಬೇಕಾದದ್ದು ಹೆಚ್ಚುಕಡಿಮೆ ಅದೇ, ಎರಡು ಅಂಕದ ಪ್ರಯತ್ನವೊಂದು ಹೆಚ್ಚು. ಆದರೆ ಆಗ ಎದುರಾಳಿ ತನ್ನದೇ ಎಂಟು ಗಜದ ಗೆರೆಯಲ್ಲಿ ಸಿಕ್ಕಿಕೊಂಡಿರುತ್ತಿದ್ದ. ಲಫ್ಲೋರ್ ಬಳಿ ಗಡಿಯಾರ ನಿಲ್ಲಿಸಬಲ್ಲ ಮೂರು ಟೈಮ್‌ಔಟ್‌ಗಳಿದ್ದವು, ತಡೆಯಬಲ್ಲೆವೆಂಬ ನಂಬಿಕೆಯಿತ್ತು. ಟಂಪಾ ಬೇ ಬಕನೀರ್ಸ್ ಮತ್ತೆ ಚೆಂಡು ಕೊಡಲೇ ಇಲ್ಲ.

ಒಂದೇ ಪಂದ್ಯಕ್ಕೆ ಸರಾಸರಿ ಹೇಗೆ ಅನ್ವಯಿಸುತ್ತದೆ?

ಅಭಿಮಾನಿಗಳು ಎತ್ತುವ ಅತ್ಯಂತ ಪ್ರಾಮಾಣಿಕ ಪ್ರಶ್ನೆ ಇದು. ನೂರು ಪಂದ್ಯ ಆಡಿದರೆ 62 ಗೆಲ್ಲಬಹುದು, ಸರಿ. ಆದರೆ ಪ್ಲೇಆಫ್‌ನಲ್ಲಿ ಆಡುವುದು ಒಂದೇ. ಸೋತ ಮೇಲೆ ಸರಾಸರಿ ಹಿಡಿದುಕೊಂಡು ಏನು ಮಾಡುವುದು?

ಒಂದೇ ಅವಕಾಶವಿದ್ದಾಗಲೂ 62ರ ದಾರಿಯೇ 50ರ ದಾರಿಗಿಂತ ಮೇಲು. ಒಂದೇ ಪಂದ್ಯ ಎಂಬ ಕಾರಣಕ್ಕೆ ಕಡಿಮೆ ಸಾಧ್ಯತೆಯ ದಾರಿ ಒಮ್ಮೆಲೇ ಸುರಕ್ಷಿತವಾಗುವುದಿಲ್ಲ. ಆದರೂ ಪ್ರಶ್ನೆಯೊಳಗೆ ಒಂದು ನಿಜ ಅಡಗಿದೆ. ಕಾರ್ಟರ್ ಬಳಸಿದ್ದು ಅಂಕಗಳ ಸರಾಸರಿ. ಕೊನೆಯ ಕ್ವಾರ್ಟರ್‌ನಲ್ಲಿ ಹೆಚ್ಚು ಅಂಕ ಗಳಿಸುವುದು ಬೇರೆ, ಗೆಲ್ಲುವುದು ಬೇರೆ. 17 ಅಂಕ ಮುಂದಿರುವ ತಂಡಕ್ಕೆ ಇನ್ನೊಂದು ಟಚ್‌ಡೌನ್‌ಗಿಂತ ಓಡುವ ಗಡಿಯಾರ ಹೆಚ್ಚು ಬೆಲೆಯುಳ್ಳದ್ದು. ಹಾಗಾಗಿಯೇ ಈಗಿನ ಮಾದರಿಗಳು ಅಂಕವನ್ನಲ್ಲ, ಗೆಲುವಿನ ಸಾಧ್ಯತೆಯನ್ನು ಅಳೆಯುತ್ತವೆ. ಹೀಗೆ ಅಳೆದಾಗ ಕ್ಯಾಂಪ್‌ಬೆಲ್‌ರ ಎರಡೂ ತೀರ್ಮಾನಗಳು ತಕ್ಕಡಿ ಸಮ ನಿಲ್ಲುವಷ್ಟು ಹತ್ತಿರದವು. ಒದ್ದಿದ್ದರೂ ತಪ್ಪೆನ್ನಲಾಗುತ್ತಿರಲಿಲ್ಲ, ನುಗ್ಗಿದ್ದೂ ತಪ್ಪಲ್ಲ. ಇಷ್ಟು ಹತ್ತಿರದ ತೀರ್ಮಾನದ ಮೇಲೆ ಇಷ್ಟು ದೊಡ್ಡ ಜಗಳ ನಡೆದದ್ದೇ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ನೋವು ತರುವ ಸಂಗತಿ.

ಮಾದರಿಗಳಿಗೂ ಕುರುಡು ಮೂಲೆಗಳಿವೆ. ಗಾಯಗೊಂಡು ಕುಂಟುತ್ತಿರುವ ರಕ್ಷಕ, ಆ ದಿನದ ಗಾಳಿ, ನಡುಗುವ ಒದೆತಗಾರ, ಇವೆಲ್ಲ ಲೀಗ್‌ನ ಸರಾಸರಿಯಲ್ಲಿ ಕಾಣುವುದಿಲ್ಲ. ಒಂದು ಪ್ರತಿಶತ ವ್ಯತ್ಯಾಸ ತೋರಿಸುವ ಮಾದರಿಯನ್ನು ತೀರ್ಪೆಂದು ಹಿಡಿದು ಕೋಚ್‌ನನ್ನು ಬೈಯುವ ಅಭಿಮಾನಿಯೂ ಕೂಡು ಲೆಕ್ಕದ ಅಭಿಮಾನಿಯಷ್ಟೇ ದುಡುಕುತ್ತಾನೆ. ಸಾಧ್ಯತೆಗಳ ನಡುವೆ ಹತ್ತು ಪ್ರತಿಶತ ಅಂತರವಿದ್ದಾಗ ಮಾತು ಬೇರೆ.

ಕೋಚ್‌ಗಳು ಹಿಂಜರಿಯುವುದು ಏಕೆ

ಗಣಿತ ಇಷ್ಟು ಸ್ಪಷ್ಟವಾಗಿದ್ದರೆ ಕೋಚ್‌ಗಳು ದಶಕಗಳ ಕಾಲ ಅದನ್ನು ಏಕೆ ಪಾಲಿಸಲಿಲ್ಲ? ಇಲ್ಲಿ ಮೇಲೆ ಹೇಳಿದ ಒದೆತಗಾರನ ಸಂಗತಿ ಬರುತ್ತದೆ. ಕೋಚ್ ಒದೆಯಲು ಹೇಳಿ ಒದೆತ ತಪ್ಪಿದರೆ ಹೊಣೆ ಒದೆತಗಾರನದು. ಪಂಟ್ ಮಾಡಿಸಿ ಸೋತರೆ ಹೊಣೆ ರಕ್ಷಣಾ ಪಡೆಯದು. ನುಗ್ಗಲು ಹೇಳಿ ವಿಫಲವಾದರೆ ಹೊಣೆ ಪೂರ್ತಿ ಕೋಚ್‌ನದು. ಎರಡೂ ದಾರಿಯಲ್ಲಿ ಸೋಲು ಒಂದೇ ಆದರೂ ಕೆಲಸ ಹೋಗುವ ಸಾಧ್ಯತೆ ಬೇರೆ ಬೇರೆ. ಗೆಲುವಿನ ಸಾಧ್ಯತೆಯನ್ನು ತುಸು ಬಿಟ್ಟುಕೊಟ್ಟು ನಿಂದೆಯ ಸಾಧ್ಯತೆಯನ್ನು ಬಹಳ ಕಡಿಮೆ ಮಾಡಿಕೊಳ್ಳುವುದು ಕೋಚ್‌ಗೆ ಲಾಭದ ವ್ಯವಹಾರ, ತಂಡಕ್ಕೆ ನಷ್ಟದ್ದು. ಗಳಿಕೆಯ ಸಂತೋಷಕ್ಕಿಂತ ಕಳೆದುಕೊಂಡ ನೋವು ಮನುಷ್ಯನಿಗೆ ಹೆಚ್ಚು ತಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಹೇಳಿದ್ದೂ ಇಲ್ಲಿ ಹೊಂದುತ್ತದೆ. ಕೈಗೆ ಬಂದ ಮೂರು ಅಂಕ ಹೋಯಿತು ಎಂಬ ಭಾವನೆ, ಬರಬಹುದಾಗಿದ್ದ ಏಳು ಅಂಕ ಬರಲಿಲ್ಲ ಎಂಬುದಕ್ಕಿಂತ ಹರಿತ.

2009ರ ನವೆಂಬರ್ 15ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಎರಡು ನಿಮಿಷ ಬಾಕಿ ಇರುವಾಗ, 34–28ರಿಂದ ಮುಂದಿದ್ದಾಗ, ತಮ್ಮದೇ 28 ಗಜದ ಗೆರೆಯಲ್ಲಿ ನಾಲ್ಕನೇ ಡೌನ್‌ಗೆ ನುಗ್ಗಿಸಿದರು. ವಿಫಲವಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ 35–34ರಿಂದ ಗೆದ್ದಿತು. ಅಷ್ಟರಲ್ಲಿ ಮೂರು ಸೂಪರ್ ಬೌಲ್ ಗೆದ್ದಿದ್ದ ಬೆಲಿಚಿಕ್ ಬಿರುಗಾಳಿಯನ್ನು ತಾಳಿಕೊಂಡರು. ಹೊಸ ಕೋಚ್ ಒಬ್ಬನಿಗೆ ಅದು ಸಾಧ್ಯವಿತ್ತೇ ಎಂಬುದು ಅನುಮಾನ. ಗಾಳಿ ಬದಲಾದದ್ದು 2018ರ ಫೆಬ್ರುವರಿ 4ರ ಸೂಪರ್ ಬೌಲ್‌ನಿಂದ. ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಡಗ್ ಪೀಡರ್ಸನ್ ಎರಡು ನಿರ್ಣಾಯಕ ಘಟ್ಟಗಳಲ್ಲಿ ನಾಲ್ಕನೇ ಡೌನ್‌ಗೆ ನುಗ್ಗಿಸಿದರು, ಎರಡೂ ಫಲಿಸಿದವು, ಪೇಟ್ರಿಯಟ್ಸ್ ವಿರುದ್ಧ 41–33ರ ಗೆಲುವು ಬಂತು. ಗಮನಿಸಬೇಕಾದದ್ದು: ಅಲ್ಲಿಯೂ ಮೆಚ್ಚುಗೆ ಬಂದದ್ದು ಫಲಿತಾಂಶ ನೋಡಿಯೇ.

ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿನ ಕೇಂದ್ರ ಕಾನೂನನ್ನು ರದ್ದುಗೊಳಿಸಿತು. ರಾಜ್ಯಗಳು ಬಾಜಿಗೆ ಅವಕಾಶ ಕೊಡತೊಡಗಿದವು. ಸಾಧ್ಯತೆಗಳ ಭಾಷೆ ಮನೆಮಾತಾಯಿತು, ಅದರ ಜೊತೆಗೆ ಹಣ ಕಳೆದುಕೊಂಡವರ ಸಿಟ್ಟೂ ಜಗಳಕ್ಕೆ ಸೇರಿಕೊಂಡಿತು.

ಹೊಣೆ ಕೇಳಬೇಕಾದ ಜಾಗ

ನುಗ್ಗಬೇಕೆಂಬ ತೀರ್ಮಾನ ಒಂದು, ನುಗ್ಗಲು ಆರಿಸಿದ ತಂತ್ರ ಇನ್ನೊಂದು, ಅದನ್ನು ಆಟಗಾರರು ನೆರವೇರಿಸುವುದು ಮತ್ತೊಂದು. ಲಯನ್ಸ್‌ನ ಮೊದಲ ಪ್ರಯತ್ನದಲ್ಲಿ ತೀರ್ಮಾನ ಸಮರ್ಥನೀಯ. ತಂತ್ರವೂ ಕೆಲಸ ಮಾಡಿತ್ತು, ಚೆಂಡು ಆಟಗಾರನ ಕೈವರೆಗೆ ತಲುಪಿತ್ತು. ಕೈ ಜಾರಿತು. ಇದನ್ನು ಕೋಚ್‌ನ ಲೆಕ್ಕಕ್ಕೆ ಬರೆದರೆ ನಾಳೆ ಹಿಂಜರಿಯುವ ಕೋಚ್‌ನನ್ನು ನಾವೇ ತಯಾರು ಮಾಡಿದಂತೆ.

ಅದೇ ಪಂದ್ಯದ ಕೊನೆಯಲ್ಲಿ ಜಗಳಕ್ಕೆ ಹೆಚ್ಚು ಯೋಗ್ಯವಾದ ತೀರ್ಮಾನವೊಂದಿತ್ತು. ಹತ್ತು ಅಂಕ ಹಿಂದಿದ್ದ ಲಯನ್ಸ್ ಒಂದು ನಿಮಿಷದಷ್ಟೇ ಬಾಕಿ ಇರುವಾಗ ಗೋಲಿನ ಗೆರೆಯ ಹತ್ತಿರ ಮೂರನೇ ಡೌನ್‌ನಲ್ಲಿ ಚೆಂಡನ್ನು ಎಸೆಯದೆ ಓಡಿಸಿತು. ಓಟ ತಡೆಯಲ್ಪಟ್ಟಿತು, ಗಡಿಯಾರ ನಿಲ್ಲಿಸಲು ಒಂದು ಟೈಮ್‌ಔಟ್ ಖರ್ಚಾಯಿತು. ಮುಂದಿನ ಆಟದಲ್ಲಿ ಟಚ್‌ಡೌನ್ ಬಂದರೂ, ಮೂರು ಟೈಮ್‌ಔಟ್ ಉಳಿಸಿಕೊಂಡು ಎದುರಾಳಿಯನ್ನು ತಡೆದು ಚೆಂಡು ಮರಳಿ ಪಡೆಯುವ ದಾರಿ ಮುಚ್ಚಿಹೋಗಿತ್ತು. ಹತ್ತಿರಕ್ಕೆ ಒದ್ದು ಚೆಂಡನ್ನು ತಾವೇ ಹಿಡಿಯಲು ಯತ್ನಿಸುವ, ಅಪರೂಪಕ್ಕೆ ಮಾತ್ರ ಫಲಿಸುವ ಉಪಾಯವೊಂದೇ ಉಳಿಯಿತು. ಇಲ್ಲಿ ಅದೃಷ್ಟದ ಮಾತಿಲ್ಲ. ಗಡಿಯಾರದ ಲೆಕ್ಕ ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದಾದದ್ದು.

ಇಂಥದೇ ಇನ್ನೊಂದು, 2017ರ ಫೆಬ್ರುವರಿ 5ರ ಸೂಪರ್ ಬೌಲ್. ಒಂದು ಘಟ್ಟದಲ್ಲಿ 28–3ರಿಂದ ಮುಂದಿದ್ದ ಅಟ್ಲಾಂಟಾ ಫಾಲ್ಕನ್ಸ್, ಕೊನೆಯ ನಿಮಿಷಗಳಲ್ಲಿ 28–20ರ ಮುನ್ನಡೆಯೊಂದಿಗೆ ಫೀಲ್ಡ್ ಗೋಲ್‌ಗೆ ಸಾಕಷ್ಟು ಹತ್ತಿರದಲ್ಲಿತ್ತು. ಎಸೆಯಲು ಹೋಗಿ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದು ಹಿಂದೆ ತಳ್ಳಲ್ಪಟ್ಟರು, ದಂಡವೂ ಬಿತ್ತು, ಒದೆಯುವ ದೂರವೇ ಕೈತಪ್ಪಿತು. ಪೇಟ್ರಿಯಟ್ಸ್ ಹೆಚ್ಚುವರಿ ಅವಧಿಯಲ್ಲಿ 34–28ರಿಂದ ಗೆದ್ದಿತು. ಅಲ್ಲಿ 'ಸಿಕ್ಕ ಅಂಕ ತೆಗೆದುಕೊಳ್ಳಿ' ಎಂಬ ಹಳೆಯ ಬಣದ ಮಾತೇ ಗಣಿತಕ್ಕೂ ಸರಿಯಾಗಿತ್ತು. ಧೈರ್ಯವೇ ಯಾವಾಗಲೂ ಸರಿ ಎಂದು ಲೆಕ್ಕ ಹೇಳುವುದಿಲ್ಲ.

ಲಾಸ್ ವೇಗಸ್‌ನಲ್ಲಿ ಟಾಸ್ ಗೆದ್ದವರು

ತಯಾರಿಯ ಮಾತು ಅತ್ಯಂತ ಸ್ಪಷ್ಟವಾಗಿ ಕಂಡದ್ದು 2024ರ ಫೆಬ್ರುವರಿ 11ರಂದು ಲಾಸ್ ವೇಗಸ್‌ನಲ್ಲಿ ಚೀಫ್ಸ್ ಮತ್ತು ಫಾರ್ಟಿನೈನರ್ಸ್ ನಡುವೆ ನಡೆದ ಸೂಪರ್ ಬೌಲ್‌ನಲ್ಲಿ. ಅದಕ್ಕೆ ಹಿನ್ನೆಲೆ ಬೇಕು. 2022ರ ಜನವರಿ 23ರಂದು ಚೀಫ್ಸ್ ಮತ್ತು ಬಿಲ್ಸ್ ನಡುವಿನ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಟಾಸ್ ಗೆದ್ದ ಚೀಫ್ಸ್ ನೇರವಾಗಿ ಟಚ್‌ಡೌನ್ ಹೊಡೆದು 42–36ರಿಂದ ಗೆದ್ದಿತು. ಬಿಲ್ಸ್ ಕೈಗೆ ಚೆಂಡೇ ಬರಲಿಲ್ಲ. ಈ ಅನ್ಯಾಯದ ಕೂಗಿನಿಂದ ಅದೇ ವರ್ಷದ ಮಾರ್ಚ್‌ನಲ್ಲಿ ಪ್ಲೇಆಫ್ ನಿಯಮ ಬದಲಾಯಿತು: ಎರಡೂ ತಂಡಗಳಿಗೆ ತಲಾ ಒಮ್ಮೆ ಚೆಂಡು ಸಿಗಲೇಬೇಕು, ಅದರ ನಂತರವೂ ಸಮವಿದ್ದರೆ ಮೊದಲು ಅಂಕ ಗಳಿಸಿದವರಿಗೆ ಗೆಲುವು.

ಹೊಸ ನಿಯಮದ ಮೊದಲ ಪರೀಕ್ಷೆ ಆ ಸೂಪರ್ ಬೌಲ್. 19–19ರ ಸಮಬಲ. ಟಾಸ್ ಗೆದ್ದ ಫಾರ್ಟಿನೈನರ್ಸ್ ಕೋಚ್ ಕೈಲ್ ಶ್ಯಾನಹನ್ ಮೊದಲು ಚೆಂಡನ್ನು ಆರಿಸಿಕೊಂಡರು. ಎರಡೂ ತಂಡಗಳು ಸಮ ಗಳಿಸಿದರೆ ಮೂರನೆಯ ಸರದಿ ತಮ್ಮದಾಗಿ, ಆಗ ಒಂದು ಫೀಲ್ಡ್ ಗೋಲ್ ಸಾಕಾಗುತ್ತದೆ ಎಂಬುದು ಅವರ ಲೆಕ್ಕ. ಕ್ರಿಕೆಟ್ ನೋಡುವವರಿಗೆ ಇದರ ಇನ್ನೊಂದು ಮಗ್ಗುಲು ತಕ್ಷಣ ಹೊಳೆಯುತ್ತದೆ: ಎರಡನೆಯದಾಗಿ ಆಡುವವನಿಗೆ ಗುರಿ ಎಷ್ಟೆಂದು ಗೊತ್ತಿರುತ್ತದೆ.

ಆದದ್ದೂ ಅದೇ. ಫಾರ್ಟಿನೈನರ್ಸ್ ಒಂಬತ್ತು ಗಜದ ಗೆರೆಯವರೆಗೆ ಹೋಗಿ, ನಾಲ್ಕನೇ ಡೌನ್‌ನಲ್ಲಿ ನಾಲ್ಕು ಗಜ ಬೇಕಿದ್ದಾಗ ಒದ್ದು ಮೂರು ಅಂಕ ಪಡೆದರು. ಎಷ್ಟು ಅಂಕ ಸಾಕೆಂದು ತಿಳಿಯದೆ ಆಡುವವರಿಗೆ ಅದು ಸಹಜ ಆಯ್ಕೆ. ಚೀಫ್ಸ್‌ಗೆ ಗೊತ್ತಿತ್ತು, ಮೂರಕ್ಕಿಂತ ಕಡಿಮೆಯಾದರೆ ಕಥೆ ಮುಗಿಯಿತು. ಹಾಗಾಗಿ ತಮ್ಮದೇ 34 ಗಜದ ಗೆರೆಯಲ್ಲಿ, ಸಾಮಾನ್ಯವಾಗಿ ಪಂಟ್ ಮಾಡುವ ಜಾಗದಲ್ಲಿ, ನಾಲ್ಕನೇ ಡೌನ್‌ನ ಒಂದು ಗಜಕ್ಕೆ ನುಗ್ಗಿದರು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ತಾವೇ ಓಡಿ ಎಂಟು ಗಜ ಪಡೆದರು. ಆ ದಾಳಿ ಟಚ್‌ಡೌನ್‌ನಲ್ಲಿ ಮುಗಿಯಿತು, 25–22. ಎದುರಾಳಿಗೆ ಮೂರು ಪ್ರಯತ್ನಗಳಿದ್ದಲ್ಲಿ ಚೀಫ್ಸ್‌ಗೆ ನಾಲ್ಕಿದ್ದವು ಎಂದೇ ಹೇಳಬಹುದು. ನಾಲ್ಕನೆಯದೂ ಇದೆ ಎಂದು ಖಚಿತವಾದಾಗ ಮೂರನೆಯದರಲ್ಲಿ ಪೂರ್ತಿ ಗಜಗಳ ಬದಲು ಅರ್ಧಕ್ಕೆ ಗುರಿಯಿಡಬಹುದು, ಎದುರಾಳಿ ಓಟ ಎಸೆತ ಎರಡಕ್ಕೂ ಸಿದ್ಧನಿರಬೇಕಾಗುತ್ತದೆ.

ಶ್ಯಾನಹನ್‌ರ ಆಯ್ಕೆ ತಪ್ಪೆಂದು ಖಚಿತವಾಗಿ ಹೇಳಲಾಗದು, ಎರಡೂ ಕಡೆ ವಾದವಿದೆ. ಆದರೆ ಪಂದ್ಯದ ನಂತರ ಫಾರ್ಟಿನೈನರ್ಸ್‌ನ ಕೆಲವು ಆಟಗಾರರು ಹೊಸ ನಿಯಮ ತಮಗೆ ತಿಳಿದಿರಲಿಲ್ಲ ಎಂದರು. ಚೀಫ್ಸ್ ಆಟಗಾರರು ಋತುವಿನ ಆರಂಭದ ಶಿಬಿರದಿಂದಲೇ ಇದನ್ನು ಚರ್ಚಿಸಿದ್ದೆವು ಎಂದರು. ಅಭಿಮಾನಿಗಳ ಸಿಟ್ಟಿಗೆ ಯೋಗ್ಯವಾದ ಜಾಗ ಇದೇ. ಟಾಸ್‌ನ ಉತ್ತರವನ್ನು ಕ್ಷಮಿಸಬಹುದು, ವರ್ಷದ ಅತಿ ದೊಡ್ಡ ಪಂದ್ಯಕ್ಕೆ ನಿಯಮ ತಿಳಿಸದೆ ಆಟಗಾರರನ್ನು ಇಳಿಸುವುದನ್ನು ಕ್ಷಮಿಸಲಾಗದು.

ಮುಂದೇನಾಗಬಹುದು

ನಾಲ್ಕನೇ ಡೌನ್‌ನಲ್ಲಿ ನುಗ್ಗುವುದು ಇನ್ನು ಹಿಂದಕ್ಕೆ ಹೋಗುವಂತೆ ಕಾಣುವುದಿಲ್ಲ. ಯಾವ ಗೆರೆಯಲ್ಲಿ, ಎಷ್ಟು ಗಜಕ್ಕೆ, ಎಷ್ಟು ಅಂತರವಿದ್ದಾಗ ನುಗ್ಗಬೇಕೆಂಬ ಪಟ್ಟಿಯನ್ನು ತಂಡಗಳು ಪಂದ್ಯಕ್ಕೆ ಮುಂಚೆಯೇ ಸಿದ್ಧಪಡಿಸುತ್ತವೆ. ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದಿನಿಂದ ಸಹ ಆಟಗಾರರು ತಳ್ಳಿ ಒಂದು ಗಜ ದಾಟಿಸುವ ಈಗಲ್ಸ್‌ನ ತಂತ್ರವನ್ನು ನಿಷೇಧಿಸಬೇಕೆಂಬ ಪ್ರಸ್ತಾವವನ್ನು ಪ್ಯಾಕರ್ಸ್ ತಂದಿತ್ತು. 2025ರ ಮೇ ತಿಂಗಳಲ್ಲಿ ಅದಕ್ಕೆ 22 ಮತಗಳು ಬಿದ್ದವು, ಬೇಕಿದ್ದದ್ದು 24. ಒಂದು ಗಜ ಹೆಚ್ಚುಕಡಿಮೆ ಖಚಿತವಾಗಿರುವ ತಂಡ ಮೂರನೇ ಡೌನ್‌ನಲ್ಲೇ ಬೇರೆ ರೀತಿ ಆಡುತ್ತದೆ. ನಾಲ್ಕನೇ ಡೌನ್‌ನ ಗಣಿತ ಎಲ್ಲ ತಂಡಗಳಿಗೂ ಒಂದೇ ಅಲ್ಲ.

ಹೆಚ್ಚುವರಿ ಅವಧಿಯ ಜಗಳ ಮಾತ್ರ ಇನ್ನಷ್ಟು ಜಟಿಲವಾಗಿದೆ. ಎರಡೂ ತಂಡಗಳಿಗೆ ಚೆಂಡು ಸಿಗಬೇಕೆಂಬ ನಿಯಮವನ್ನು 2025ರಿಂದ ಸಾಮಾನ್ಯ ಋತುವಿಗೂ ತರಲಾಯಿತು. ಆದರೆ ಅಲ್ಲಿ ಅವಧಿ ಹತ್ತೇ ನಿಮಿಷ, ಮುಗಿದಾಗ ಸಮವಿದ್ದರೆ ಪಂದ್ಯ ಸಮ. ಪ್ಲೇಆಫ್‌ನಲ್ಲಿ ಗೆಲುವು ನಿರ್ಧಾರವಾಗುವವರೆಗೆ ಆಟ ಮುಂದುವರಿಯುತ್ತದೆ. ಆ ಹತ್ತು ನಿಮಿಷದಲ್ಲಿ ಮೂರನೆಯ ಸರದಿ ಬರುವುದೇ ಅಪರೂಪ, ಆದ್ದರಿಂದ ಶ್ಯಾನಹನ್‌ರ ವಾದ ಅಲ್ಲಿ ಬಹುಪಾಲು ಬಿದ್ದುಹೋಗುತ್ತದೆ. ಇನ್ನೊಂದೆಡೆ ಮೊದಲು ಆಡುವ ತಂಡ ಗಡಿಯಾರವನ್ನು ತಿಂದುಹಾಕಿ ಎರಡನೆಯವರಿಗೆ ಚಿಲ್ಲರೆ ಸಮಯ ಉಳಿಸಬಹುದು. 2025ರ ಸೆಪ್ಟೆಂಬರ್ 28ರಂದು ಡಲ್ಲಾಸ್ ಕೌಬಾಯ್ಸ್ ಹೀಗೆ ಮೊದಲು ಮೂರು ಅಂಕ ಗಳಿಸಿತು, ಎರಡನೆಯದಾಗಿ ಆಡಿದ ಪ್ಯಾಕರ್ಸ್ ಕೊನೆಯ ಸೆಕೆಂಡ್‌ಗಳಲ್ಲಿ ಒದ್ದು 40–40ರ ಸಮಕ್ಕೆ ತೃಪ್ತಿಪಡಬೇಕಾಯಿತು. ಸಮಯ ನಿರ್ವಹಣೆಗಾಗಿ ಅಂದು ಟೀಕೆಗೆ ಗುರಿಯಾದವರು ಮತ್ತೆ ಲಫ್ಲೋರ್. ಋತುವಿಡೀ ಹತ್ತು ನಿಮಿಷದ ನಿಯಮದಲ್ಲಿ ಆಡಿ ಪಳಗಿದ ಕೋಚ್, ಜನವರಿಯಲ್ಲಿ ಅದೇ ಟಾಸ್‌ಗೆ ಬೇರೆಯೇ ಉತ್ತರ ಕೊಡಬೇಕಾಗಬಹುದು.